ರುಬ್ಬುವ ಕೋಣೆಯ ಮೂರು ನಿಮಿಷ

ಕಳೆದ ತಿಂಗಳು ಒಬ್ಬ ವಿದ್ಯಾರ್ಥಿನಿಯ ಪಿಎಚ್‌ಡಿ ಮೌಖಿಕ ಪರೀಕ್ಷೆಗೆಂದು ಚೆನ್ನೈಗೆ ಹೋಗಿದ್ದೆ. ಮಧ್ಯಾಹ್ನಕ್ಕೇ ಕೆಲಸ ಮುಗಿಯಿತು. ಮೈಸೂರಿನ ರೈಲಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಎಲೆಕ್ಟ್ರಿಕ್ ಟ್ರೈನ್ ಹತ್ತಿ ತಾಂಬರಂನಲ್ಲಿ ಇಳಿದೆ. ಪಶ್ಚಿಮದ ಕಡೆಯ ಮೆಟ್ಟಿಲಿಳಿದು, ಹೂವಿನ ಅಂಗಡಿಗಳನ್ನು ದಾಟಿ, ಗಲ್ಲಿಯೊಳಗೆ ತಿರುಗಿದ್ದೇ ತಡ, ಹುಳಿ ಬರುತ್ತಿರುವ ದೋಸೆ ಹಿಟ್ಟಿನ ವಾಸನೆ ಬಂತು. ಉದ್ದಿನ ಘಮ, ಅದರೊಳಗೊಂದು ಮೆಂತ್ಯದ ಕಹಿ, ಅದರ ಹಿಂದೆ ಒದ್ದೆ ಕಲ್ಲಿನ ತಂಪು ವಾಸನೆ. ಬೇರೆಯವರಿಗೆ ಇದರಿಂದ ಹಸಿವಾಗುತ್ತದೆ. ನನಗೆ ಹಿಂದೆ ಈ ಊರಿನಲ್ಲಿದ್ದಾಗಿನ ಒಂದು ವರ್ಷ ನೆನಪಾಯಿತು. ಹತ್ತು ಹೆಜ್ಜೆ ಹಾಕಿದರೆ ರಾಯರ ಹೋಟೆಲು. ಆದರೂ ಗಲ್ಲಿಯ ಮೂಲೆಯಲ್ಲಿ ಸುಮ್ಮನೆ ನಿಂತುಬಿಟ್ಟೆ.

ಆ ವರ್ಷದ ಮಳೆಗಾಲವೆಲ್ಲ ಈ ವಾಸನೆಯೊಳಗೇ ಇದೆ.

ನಾನಾಗ ಶೋಳಿಂಗನಲ್ಲೂರಿನ ಆಚೆಗಿದ್ದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಬಾಡಿಗೆ ಕಡಿಮೆಯೆಂದು ತಾಂಬರಂನಲ್ಲಿ ಒಂದು ಕೋಣೆ ಹಿಡಿದಿದ್ದೆ. ಬೆಳಗಿನ ತಿಂಡಿ ರಾಯರ ಹೋಟೆಲಿನಲ್ಲಿ. ಹಾಸನದಿಂದ ಬಂದವಳಿಗೆ ಆ ಊರಿನಲ್ಲಿ ಕನ್ನಡ ಕೇಳುತ್ತಿದ್ದದ್ದು ಅಲ್ಲಿ ಮಾತ್ರ, ಅದೂ ಉಡುಪಿಯ ಕನ್ನಡ. ತಿಂಡಿ ಮುಗಿಸಿ ಸಂಸ್ಥೆಯ ಬಸ್ಸು ಹತ್ತಿದರೆ ಸಂಜೆಯವರೆಗೆ ಗಾಯಗಳ ಜೊತೆ ನನ್ನ ಸಂಸಾರ.

ಗಾಯಗಳೆಂದರೆ ವಾಸಿಯಾಗದ ಗಾಯಗಳು. ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ಆಗುತ್ತವಲ್ಲ, ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಜಪ್ಪಯ್ಯ ಅನ್ನದಂಥವು. ಅಂಥ ಗಾಯದ ಮೇಲೆ ಬ್ಯಾಕ್ಟೀರಿಯಾಗಳು ಒಂಟೊಂಟಿಯಾಗಿರುವುದಿಲ್ಲ. ಒಟ್ಟು ಸೇರಿ, ತಮ್ಮ ಸುತ್ತ ತಾವೇ ಒಂದು ಲೋಳೆಯ ಪೊರೆ ಕಟ್ಟಿಕೊಂಡು, ಅದರೊಳಗೆ ಹಾಯಾಗಿರುತ್ತವೆ. ಔಷಧಿ ಮೇಲಿನ ಪದರವನ್ನು ಕೊಲ್ಲುತ್ತದೆ, ಅಡಿಯವಕ್ಕೆ ಏನೂ ಆಗುವುದಿಲ್ಲ. ಮೂರು ವರ್ಷ ತಲೆ ಕೆಡಿಸಿಕೊಂಡು ನಾನು ಕಂಡುಕೊಂಡದ್ದು ಇಷ್ಟು: ಪೊರೆಯನ್ನು ಕೆರೆದು ತೆಗೆದ ಮೇಲೆ ಉಳಿದ ಜೀವಿಗಳು ಸ್ವಲ್ಪ ಹೊತ್ತು ಬರಿ ಮೈಯಲ್ಲಿರುತ್ತವೆ. ಆ ಹೊತ್ತಿನಲ್ಲಿ ಔಷಧಿ ಬಿದ್ದರೆ ಸಾಯುತ್ತವೆ. ಒಂದು ದಿನ ತಡವಾದರೆ ಮತ್ತೆ ಪೊರೆ. ಅದನ್ನು ಮತ್ತೆ ಕಟ್ಟಲು ಅವು ಮೊದಲು ಹೊಸೆಯುವ ನೂಲು ಯಾವುದು ಅನ್ನುವುದನ್ನೂ ಹಿಡಿದಿದ್ದೆ. ಅದೇ ನನ್ನ ಹೆಮ್ಮೆ.

ಆಸ್ಪತ್ರೆಯಿಂದ ಸಣ್ಣ ಸಣ್ಣ ಕೊಳವೆಗಳಲ್ಲಿ ಗಾಯದ ಮಾದರಿ ಬರುತ್ತಿತ್ತು. ಮೇಲೆ ಒಂದು ನಂಬರು. ನೂರಾರು ನಂಬರುಗಳು ನನ್ನ ಕೈಮೇಲೆ ಹಾದುಹೋಗಿದ್ದವು. ಆದರೆ ಒಂದು ಗಾಯವನ್ನೂ, ಅದರ ಕಾಲನ್ನೂ, ಆ ಕಾಲಿನ ಮನುಷ್ಯನನ್ನೂ ನಾನು ನೋಡಿರಲಿಲ್ಲ. ನೋಡಬೇಕೆಂದು ಅನ್ನಿಸಿಯೂ ಇರಲಿಲ್ಲ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಕ್ಟೋಬರಿನಲ್ಲಿ, ತಮಿಳರ ಐಪ್ಪಸಿ ತಿಂಗಳ ಮಳೆ ಶುರುವಾಗುವ ಹೊತ್ತಿಗೆ ನಮ್ಮ ನಿರ್ದೇಶಕರಿಗೊಂದು ಹುಕಿ ಬಂತು. ಪ್ರತಿಯೊಬ್ಬರೂ ತಮ್ಮ ಸಂಶೋಧನೆಯನ್ನು ಮೂರೇ ನಿಮಿಷದ ವಿಡಿಯೋದಲ್ಲಿ, ತಮ್ಮ ತಾಯಿನುಡಿಯಲ್ಲಿ ಹೇಳಬೇಕು. ನಿಮ್ಮ ಮನೆಯ ಅಜ್ಜಿಗೆ ತಿಳಿಯದ ಒಂದು ಪದವೂ ಇರಬಾರದು. ಅಲ್ಲಿಯವರೆಗೆ ಜಂಬದಿಂದ ಓಡಾಡುತ್ತಿದ್ದ ನಾವೆಲ್ಲ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ಗುಣುಗುಣು ಪಾಠ ಒಪ್ಪಿಸತೊಡಗಿದೆವು. ಹೊರಗೆ ಮಳೆ, ಒಳಗೆ ತಮಿಳು, ತೆಲುಗು, ಮಲಯಾಳಗಳ ಗೊಣಗಾಟ.

ನನ್ನ ವಿಡಿಯೋ ಮಾಡಿಕೊಟ್ಟದ್ದು ರಾಯರ ಮಗಳು ನಂದಿತಾ. ಕಾಲೇಜಿನಲ್ಲಿ ವಿಸ್ಕಾಮ್, ಅಂದರೆ ವಿಡಿಯೋ, ಸಿನಿಮಾ ಮಾಡುವುದನ್ನು ಓದುತ್ತಿದ್ದಳು. ಅವಳ ಕ್ಯಾಮೆರಾ ಅವಳ ಮೈಯ ಒಂದು ಅಂಗವೇ ಆಗಿತ್ತು. ಚೆನ್ನೈನಲ್ಲೇ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು. ನಾನು ಬ್ಯಾಕ್ಟೀರಿಯಾಗಳನ್ನು ಶತ್ರು ಸೈನ್ಯ ಮಾಡಿ, ಪೊರೆಯನ್ನು ಕೋಟೆ ಮಾಡಿ, ಔಷಧಿಯನ್ನು ಫಿರಂಗಿ ಮಾಡಿ, ಕೈ ಬೀಸಿ ಬೀಸಿ ಹೇಳಿದೆ. ಸಂಸ್ಥೆಯಲ್ಲಿ ಎಲ್ಲರೂ ಭೇಷ್ ಅಂದರು. ಮರುದಿನ ಹೋಟೆಲಿನಲ್ಲಿ ಕೂತು ಅದನ್ನು ಮತ್ತೆ ನೋಡುವಾಗ ನಂದಿತಾ ಮೂಗು ಮುರಿದಳು.

"ಅಕ್ಕಾ, ರೊಂಬ ಬೋರ್ ಅಡಿಕ್ಕುದು. ಸಾರಿ. ಟೀವಿ ನ್ಯೂಸ್ ಮಾದಿರಿ ಇರುಕ್ಕು." ತುಂಬ ಬೋರು, ಟೀವಿ ವಾರ್ತೆಯ ಹಾಗಿದೆ ಅಂತ.

ಆಗಲೇ ಹಿಟ್ಟಿನ ಪಾತ್ರೆ ಇಳಿಸಲು ಹೊರಗೆ ಬಂದಿದ್ದ ವಾಸಣ್ಣ ನಮ್ಮ ಹಿಂದೆ ನಿಂತು ಪರದೆಗೆ ಇಣುಕಿದರು. ವಾಸಣ್ಣ ಎಂದರೆ ಆ ಹೋಟೆಲಿನ ರುಬ್ಬುವ ಕೋಣೆಯ ಯಜಮಾನರು. ಹದಿನೇಳಕ್ಕೆ ಉಡುಪಿಯಿಂದ ಬಂದವರು ನಲವತ್ತು ವರ್ಷದಿಂದ ಅದೇ ಕೋಣೆಯಲ್ಲಿದ್ದರು. ಮದುವೆಯಾಗಿರಲಿಲ್ಲ. ಎತ್ತರದ ಆಳು, ಬಿಳಿ ಪಂಚೆ, ಮೊಣಕೈವರೆಗೆ ಸದಾ ಒಣಗಿದ ಹಿಟ್ಟು. ನನ್ನ ಮೂರು ನಿಮಿಷವನ್ನು ತಾಳ್ಮೆಯಿಂದ ಪೂರ್ತಿ ನೋಡಿದರು.

"ಕೋಟೆ ಎಂತಕ್ಕೆ ಅಮ್ಮಾ? ಇದು ನಮ್ಮ ರುಬ್ಬುಕಲ್ಲಿನ ಲೋಳೆ ಅಲ್ವಾ?"

ನಾನು ದೊಡ್ಡವಳ ಹಾಗೆ ನಕ್ಕು, "ಹಾಗೇ ಅನ್ಕೊಳ್ಳಿ ವಾಸಣ್ಣ" ಅಂದೆ.

"ಅಂದ್ಕೊಳ್ಳುದಲ್ಲ. ಬನ್ನಿ, ತೋರಿಸ್ತೇನೆ."

ರುಬ್ಬುವ ಕೋಣೆಗೆ ಹೋಗುವುದೆಂದರೆ ಸುಲಭವಲ್ಲ. ಚಪ್ಪಲಿ ಹೊರಗೆ ಬಿಡಬೇಕು. ಬಾಗಿಲ ಬಳಿಯ ನಲ್ಲಿಯಲ್ಲಿ ಕಾಲು ತೊಳೆಯಬೇಕು. ದೇವರ ಪಟಕ್ಕೆ ಕೈ ಮುಗಿದೇ ಒಳಗೆ ಕಾಲಿಡಬೇಕು. ರಾಯರ ತಂದೆಯ ಕಾಲದ ನಿಯಮ ಅದು. ಆದರೆ ಈಗ ಅದನ್ನು ಕಾಯುತ್ತಿದ್ದವರು ರಾಯರಿಗಿಂತ ಹೆಚ್ಚಾಗಿ ವಾಸಣ್ಣ. ಒಳಗೆ ಬಂದು ಹೋಗುವಾಗಲೆಲ್ಲ, ದಿನಕ್ಕೆ ಹತ್ತಿಪ್ಪತ್ತು ಸಲ, ಅವರು ಕಾಲು ತೊಳೆಯುತ್ತಿದ್ದರು. ನೆಲವೂ ಒದ್ದೆ, ಕಾಲೂ ಒದ್ದೆ. ಆ ಮಳೆಯಲ್ಲಂತೂ ಯಾವುದೂ ಒಣಗುತ್ತಲೇ ಇರಲಿಲ್ಲ.

ಅವರು ಗ್ರೈಂಡರಿನ ಗುಂಡುಕಲ್ಲು ಎತ್ತಿ, ಅದರ ಅಚ್ಚು ಕೂರುವ ಗುಳಿಗೆ ನನ್ನ ಬೆರಳು ಹಾಕಿಸಿದರು. ನುಣ್ಣಗೆ, ಸ್ವಚ್ಛವಾಗಿತ್ತು.

"ಇಲ್ಲಿ ಹಿಟ್ಟು ಉಳಿದ್ರೆ ಒಂದೇ ದಿನದಲ್ಲಿ ಲೋಳೆ ಬರ್ತದೆ. ಅದು ನಾಳೆಯ ಹಿಟ್ಟನ್ನು ಹಾಳು ಮಾಡ್ತದೆ. ನೀರು ಹೊಯ್ದ್ರೆ ಜಾರಿ ಹೋಗ್ತದೆ ನೀರು, ಲೋಳೆ ಹೋಗುದಿಲ್ಲ. ಕುದಿಯುವ ನೀರು ಹೊಯ್ದ್ರೂ ಅಷ್ಟೇ, ಮೇಲಿನದ್ದು ಸಾಯ್ತದೆ. ಮೊದ್ಲು ತೆಂಗಿನ ನಾರಿನಲ್ಲಿ ಉಜ್ಜಬೇಕು. ಉಜ್ಜಿದ ಕೂಡ್ಲೇ ಬಿಸಿನೀರು. ನಾಳೆ ಹಾಕುವಾ ಅಂತ ಬಿಟ್ರೆ ಆಗ್ಲಿಕ್ಕಿಲ್ಲ. ಬೆಳಿಗ್ಗೆ ನೋಡುವಾಗ ಪುನಃ ಲೋಳೆ ಉಂಟು."

ನಾನು ಬೆರಳನ್ನು ಆ ಗುಳಿಯಲ್ಲೇ ಇಟ್ಟುಕೊಂಡು ಕಲ್ಲಿನ ಹಾಗೆ ನಿಂತೆ. ನನ್ನ ಮೂರು ವರ್ಷ, ಹಗಲೆಲ್ಲ ಕಣ್ಣು ಕೆಂಪಗೆ ಮಾಡಿಕೊಂಡ ಆ ಮೂರು ವರ್ಷ, ಈ ಕೋಣೆಯಲ್ಲಿ ದಿನಾ ಸಂಜೆ ತೆಂಗಿನ ನಾರು ಹಿಡಿದು ಕೂತಿತ್ತು. ಅಸೂಯೆಯಾಗಬೇಕಿತ್ತು, ಆಗಲಿಲ್ಲ. ಏನೋ ಒಂದು ದೊಡ್ಡದರ ಎರಡು ಬಾಗಿಲುಗಳಲ್ಲಿ ನಾವಿಬ್ಬರೂ ನಿಂತಿದ್ದೇವೆ ಅನ್ನಿಸಿತು.

ಹೊರಗೆ ಬರುವಾಗ ಅವರ ಬಲಗಾಲು ನೋಡಿದೆ. ಪ್ಲಾಸ್ಟಿಕ್ ಚೀಲ ಸುತ್ತಿ ಹಿಟ್ಟಿನ ಚೀಲದ ದಾರದಿಂದ ಕಟ್ಟಿದ್ದರು.

"ಏನಾಯ್ತು ಕಾಲಿಗೆ?"

"ತೆಂಗಿನ ಚಿಪ್ಪಿನ ಚೂರು ತಾಗಿದ್ದು. ಎಂತ ಇಲ್ಲ."

ಅವರು ಎಂತ ಇಲ್ಲ ಅಂದರು, ನಾನು ನಂಬಿದೆ. ಕಾಲಿನ ಗಾಯದ ಪಂಡಿತೆ ನಾನು.

ಹಳೆಯ ವಿಡಿಯೋ ಬದಿಗಿಟ್ಟೆವು. ಹೊಸದಕ್ಕೆ ವಾಸಣ್ಣನೇ ಬೇಕು ಎಂದೆ. ಅವರು ಒಪ್ಪಿದರು, ಆದರೆ ಒಂದು ಷರತ್ತು: "ನಾನು ನೋಡದೇ ಇರುವುದನ್ನು ಹೇಳುದಿಲ್ಲ. ನಿಮ್ಮ ಮಷೀನಿನಲ್ಲಿ ಒಮ್ಮೆ ನಂಗೆ ತೋರಿಸಿ." ನಾನು ತೆಳ್ಳನೆಯ ಗಾಜಿನ ಬಿಲ್ಲೆಗಳನ್ನು ತಂದುಕೊಟ್ಟೆ. ಮೂಲೆಗೆ ಬಿದ್ದಿದ್ದ ಒಂದು ಹಳೆಯ ಗ್ರೈಂಡರಿನ ಗುಳಿಯಲ್ಲಿ ಅವರು ಹಿಟ್ಟಿನ ನೀರು ಬಿಟ್ಟು, ಬಿಲ್ಲೆಗಳನ್ನು ದಾರದಲ್ಲಿ ಇಳಿಬಿಟ್ಟರು. ಕಲ್ಲನ್ನು ಬೇಕೆಂದೇ ತೊಳೆಯದೆ ಬಿಡುವುದು ಅವರಿಗೆ ಸಂಕಟದ ಕೆಲಸ. ಎರಡು ದಿನ ಆ ಮೂಲೆಯ ಕಡೆ ಮುಖ ಹಾಕಲಿಲ್ಲವಂತೆ. ಶುಕ್ರವಾರ ಬಿಲ್ಲೆಗಳು ಟಿಫಿನ್ ಡಬ್ಬಿಯಲ್ಲಿ ನನ್ನ ಕೈ ಸೇರಿದವು.

ಭಾನುವಾರ ವಾಸಣ್ಣ, ನಂದಿತಾ ಇಬ್ಬರೂ ಸಂಸ್ಥೆಗೆ ಬಂದರು. ರಸ್ತೆಯ ತುಂಬ ಮೊಣಕಾಲುದ್ದ ನೀರು. ವಾಸಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆಯಲು ನಲ್ಲಿ ಹುಡುಕಿದರು. ಇಲ್ಲಿ ಚಪ್ಪಲಿ ಹಾಕಲೇಬೇಕು ಎಂದಾಗ ತುಂಬ ಮುಜುಗರಪಟ್ಟರು.

ಮೈಕ್ರೊಸ್ಕೋಪಿನಡಿ ಮೊದಲ ಬಿಲ್ಲೆ ಇಟ್ಟೆ. ಬದುಕಿರುವುದು ಹಸಿರಾಗಿ, ಸತ್ತದ್ದು ಕೆಂಪಾಗಿ ಕಾಣುವಂತೆ ಬಣ್ಣ ಹಾಕಿದ್ದೆ. ಕತ್ತಲೆ ಮಾಡಿದ ಕೋಣೆಯಲ್ಲಿ ಪರದೆಯ ಮೇಲೆ ಅದು ಎದ್ದು ಬಂತು. ಹಸಿರು ಗುಡ್ಡಗಳು, ಗುಡ್ಡಗಳ ನಡುವೆ ನೀರು ಹರಿಯುವ ಓಣಿಗಳು, ಓಣಿಗಳಲ್ಲಿ ತೇಲಿಹೋಗುವ ಒಂದೆರಡು ಒಂಟಿ ಚುಕ್ಕೆಗಳು. ನಾನು ಅದನ್ನು ಸಾವಿರ ಸಲ ನೋಡಿದ್ದೆ, ನೋಡಿ ನೋಡಿ ಬೇಸತ್ತಿದ್ದೆ. ವಾಸಣ್ಣನ ಉಸಿರು ನಿಂತದ್ದು ನನಗೆ ಕೇಳಿಸಿತು. ಆ ಕ್ಷಣದಲ್ಲಿ ನಾನೂ ಅದನ್ನು ಮೊದಲ ಸಲ ನೋಡಿದೆ.

"ಇವ್ರನ್ನು ನಾನು ನಲ್ವತ್ತು ವರ್ಷದಿಂದ ಬೈತಾ ಇದ್ದೆ," ಎಂದರು ಮೆಲ್ಲಗೆ. "ಮುಖ ನೋಡಿದ್ದು ಇವತ್ತು."

ನಂದಿತಾ ಕ್ಯಾಮೆರಾ ಕೆಳಗಿಳಿಸಿಬಿಟ್ಟಿದ್ದಳು. ತೆಗೆಯುವುದು ಮರೆತಿತ್ತು.

ಉಳಿದ ಬಿಲ್ಲೆಗಳಿಗೆ ನಾನು ಹಿಂದಿನ ಎರಡು ದಿನದಲ್ಲಿ ಔಷಧಿ ಹಾಕಿಟ್ಟಿದ್ದೆ. ಉಜ್ಜದೆ ಹಾಕಿದ ಬಿಲ್ಲೆಯಲ್ಲಿ ಮೇಲೆಲ್ಲ ಕೆಂಪು, ಅಡಿಯಲ್ಲಿ ಹಸಿರು ಹಾಗೇ ಇತ್ತು. ಉಜ್ಜಿದ ಕೂಡಲೇ ಔಷಧಿ ಹಾಕಿದ ಬಿಲ್ಲೆ ಪೂರ್ತಿ ಕೆಂಪು. ಉಜ್ಜಿ, ಒಂದು ದಿನ ಬಿಟ್ಟು ಔಷಧಿ ಹಾಕಿದ್ದರಲ್ಲಿ ಮತ್ತೆ ಅಡಿಯಲ್ಲಿ ಹಸಿರು. ವಾಸಣ್ಣ ಮೂರನ್ನೂ ಮತ್ತೆ ಮತ್ತೆ ಹಾಕಿಸಿ ನೋಡಿದರು. ಹೊರಡುವಾಗ ಆ ಯಂತ್ರಕ್ಕೆ ಕೈ ಮುಗಿದರು. ಬಸ್ಸಿನಲ್ಲಿ ಕಿಟಕಿಯ ಹೊರಗೇ ನೋಡುತ್ತ ಕೂತರು. ಬೆರಗು ಇನ್ನೂ ಇಳಿದಿಲ್ಲ ಅಂದುಕೊಂಡೆ. ಅವರು ಬೇರೆ ಲೆಕ್ಕ ಹಾಕುತ್ತಿದ್ದರು.

ಎರಡು ದಿನದ ನಂತರ, ಮಧ್ಯಾಹ್ನ ಹೋಟೆಲಿನ ಗಲಾಟೆ ಇಳಿದ ಮೇಲೆ, ರುಬ್ಬುವ ಕೋಣೆಯಲ್ಲಿ ಶೂಟಿಂಗ್ ಇಟ್ಟುಕೊಂಡೆವು. ಕಿಟಕಿಯ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ವಾಸಣ್ಣ ಕಲ್ಲಿನ ಪಕ್ಕ ನಿಂತು, ಕ್ಯಾಮೆರಾ ಎದುರಿಗಿದೆ ಅನ್ನುವುದನ್ನೇ ಮರೆತು, ನನಗೆ ಹೇಳಿದ ಹಾಗೇ ಹೇಳಿದರು. ಲೋಳೆ, ನಾರು, ಬಿಸಿನೀರು. ಆಮೇಲೆ ಮಷೀನಿನಲ್ಲಿ ನೋಡಿದ್ದು.

"ಮೇಲಿಂದ ಔಷಧಿ ಹೊಯ್ದ್ರೆ ಮೇಲಿನವು ಸಾಯ್ತವೆ, ಅಡಿಯವು ಹಾಗೇ ಇರ್ತವೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಮೊದ್ಲು..."

ಅಲ್ಲಿ ನಿಲ್ಲಿಸಿದರು. ತಲೆ ತಗ್ಗಿಸಿ ತಮ್ಮ ಬಲಗಾಲು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅಮ್ಮಾ, ಹಾಗಾದ್ರೆ ನಾನು ತಿನ್ನುವ ಮಾತ್ರೆ, ಕಲ್ಲಿನ ಮೇಲಿಂದ ಬಿಸಿನೀರು ಹೊಯ್ದ ಹಾಗೆ ಅಲ್ವಾ?"

ಕ್ಯಾಮೆರಾ ಓಡುತ್ತಲೇ ಇತ್ತು. ನಾನು ಕೆಳಗೆ ಕೂತು ದಾರ ಬಿಚ್ಚಿ, ಪ್ಲಾಸ್ಟಿಕ್ ಚೀಲ ತೆಗೆದು, ಬಟ್ಟೆ ಬಿಡಿಸಿದೆ. ಕಿರುಬೆರಳಿನ ಬುಡದಿಂದ ಅಂಗಾಲಿನವರೆಗೆ ಹಬ್ಬಿತ್ತು. ಮೇಲೆ ಬೂದುಬಣ್ಣದ ಲೋಳೆ. ನನಗೆ ಚೆನ್ನಾಗಿ ಗೊತ್ತಿದ್ದ ಲೋಳೆ. ನಂಬರಿಲ್ಲದೆ, ಕೊಳವೆಯಿಲ್ಲದೆ, ಪರಿಚಯದವರ ಕಾಲಿನಲ್ಲಿ ಅದನ್ನು ನೋಡಿದ್ದು ಅದೇ ಮೊದಲು.

"ಎಷ್ಟು ದಿನ ಆಯ್ತು ಇದಾಗಿ?"

"ಎರಡು ತಿಂಗಳಾಯ್ತು. ನೋವಿಲ್ಲ ಅಮ್ಮಾ. ಚಿಪ್ಪಿನ ಚೂರು ಒಳಗೆ ನಾಲ್ಕು ದಿನ ಇತ್ತು, ಗೊತ್ತೇ ಆಗ್ಲಿಲ್ಲ."

ನೋವಿಲ್ಲದ್ದೇ ಅಪಾಯ. ವಾಸಣ್ಣನಿಗೂ ಸಕ್ಕರೆ ಕಾಯಿಲೆಯಿತ್ತು, ಅದು ಅವರ ಕಾಲಿನ ಸ್ಪರ್ಶವನ್ನು ಯಾವಾಗಲೋ ತಿಂದುಹಾಕಿತ್ತು. ಡಾಕ್ಟರು ಆಗಲೇ ಹೇಳಿದ್ದರಂತೆ, ಇದನ್ನು ಕೆರೆದು ಸ್ವಚ್ಛ ಮಾಡಲೇಬೇಕು, ಇಲ್ಲದಿದ್ದರೆ ಕಾಲು ಉಳಿಯುವುದು ಕಷ್ಟ ಎಂದು. ವಾಸಣ್ಣ ಮಾತ್ರೆ ಮಾತ್ರ ತೆಗೆದುಕೊಂಡು ತಿರುಗಿ ಹೋಗಿರಲಿಲ್ಲ. ಅವರ ಅಣ್ಣನಿಗೂ ಹೀಗೇ ಆಗಿತ್ತು. ಕೆರೆದರು, ಆಮೇಲೆ ಬೆರಳು ತೆಗೆದರು, ಆಮೇಲೆ ಮೊಣಕಾಲಿನವರೆಗೆ. ಕೆರೆದದ್ದರಿಂದಲೇ ಕಾಲು ಹೋಯಿತು ಎಂದು ಮನೆಯವರೆಲ್ಲ ನಂಬಿದ್ದರು. ಕಾಲು ಹೋದರೆ ರುಬ್ಬುವ ಕೋಣೆಯೂ ಹೋಗುತ್ತದೆ. ಆ ಕೋಣೆ ಬಿಟ್ಟರೆ ಅವರಿಗೆ ಬೇರೆ ಮನೆ ಇರಲಿಲ್ಲ.

"ನಾನು ಡಾಕ್ಟರ್ ಅಲ್ಲ ವಾಸಣ್ಣ," ಎಂದೆ. "ಗಾಜಿನ ಮೇಲೆ ಆಗಿದ್ದು ಕಾಲಿನ ಮೇಲೂ ಹಾಗೇ ಆಗುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ. ಆದರೆ ನಮ್ಮಪ್ಪನ ಕಾಲು ಆಗಿದ್ದರೆ ಈಗಲೇ ಎಬ್ಬಿಸಿಕೊಂಡು ಹೋಗ್ತಿದ್ದೆ."

ಅವರು ಬಗ್ಗಿ ಗ್ರೈಂಡರಿನ ಗುಳಿಯೊಳಗೆ ಬೆರಳಾಡಿಸಿದರು. "ಅಣ್ಣನಿಗೆ ಕೆರೆದದ್ದು ತಪ್ಪಲ್ಲ. ತಡವಾದದ್ದು ತಪ್ಪು," ಎಂದರು. ಆಮೇಲೆ ನಂದಿತಾಳ ಕಡೆ ತಿರುಗಿ, "ಮಗಾ, ಅಪ್ಪನನ್ನು ಕರಿ. ಆಟೋ ಹೇಳ್ಬೇಕು."

ಆ ಮಧ್ಯಾಹ್ನವೇ ರಾಯರು, ನಾನು, ವಾಸಣ್ಣ ಆಟೋದಲ್ಲಿ ನೀರು ಚಿಮ್ಮಿಸಿಕೊಂಡು ಆಸ್ಪತ್ರೆಗೆ ಹೋದೆವು. ಕೆರೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ವಾಸಣ್ಣ ಮುಖ ತಿರುಗಿಸಲಿಲ್ಲ. "ಮೂಲೆಯಲ್ಲಿ ಸ್ವಲ್ಪ ಉಳಿದಿದೆ ನೋಡಿ" ಎಂದು ಡಾಕ್ಟರಮ್ಮನಿಗೇ ತಮಿಳಿನಲ್ಲಿ ತೋರಿಸಿದರು. ಆಕೆ ಬೈಯಲಿಲ್ಲ. ನೋಡಿ, ಹೌದು ಎಂದು ಮತ್ತೆ ಕೆರೆದರು. ಕಿರುಬೆರಳನ್ನು ಉಳಿಸಲಾಗಲಿಲ್ಲ, ಎಲುಬಿಗೇ ಇಳಿದಿತ್ತು. ಉಳಿದದ್ದು ಏನಾಗುತ್ತದೋ ಕಾದು ನೋಡೋಣ ಎಂದರು.

ಆ ಕಾಯುವ ದಿನಗಳು ನನ್ನ ಬದುಕಿನಲ್ಲೇ ಉದ್ದವಾದವು. ಕೆರೆಯುವುದು, ಔಷಧಿ, ಕಟ್ಟು, ಮತ್ತೆ ಬಿಚ್ಚಿ ನೋಡುವುದು. ಮಳೆ ನಿಲ್ಲುತ್ತಿರಲಿಲ್ಲ. ನನ್ನ ಮಾತಿನಿಂದ ಕೆರೆಸಿಕೊಂಡ ಕಾಲು ಹೋಗಿಬಿಟ್ಟರೆ ಏನು ಗತಿ ಎಂದು ಪ್ರತಿ ಸಲ ಕಟ್ಟು ಬಿಚ್ಚುವಾಗಲೂ ಹೋಗಿ ನಿಲ್ಲುತ್ತಿದ್ದೆ. ಮೂರನೆಯ ವಾರ ಕಟ್ಟು ಬಿಚ್ಚಿದಾಗ ಗಾಯದ ತಳದಲ್ಲಿ ದಾಳಿಂಬೆ ಕಾಳಿನಂಥ ಕೆಂಪು ಕಂಡಿತು. ಹೊಸ ಮಾಂಸ. ಯಾರೂ ಕಟ್ಟದೆ, ಯಾರೂ ಹೇಳದೆ, ಅಡಿಯಿಂದ ತಾನೇ ತುಂಬಿಕೊಂಡು ಬರುತ್ತಿತ್ತು. ನಾನು ಅಷ್ಟು ವರ್ಷ ಕೊಲ್ಲುವುದನ್ನೇ ಓದಿದ್ದೆ. ಕೊಂದ ಮೇಲೆ ಮೈ ಮಾಡುವ ಈ ಕೆಲಸವನ್ನು ನೋಡಿ ಅಲ್ಲಿಯೇ ಅತ್ತುಬಿಟ್ಟೆ.

ಆಮೇಲೆ ಚಪ್ಪಲಿಯ ಜಗಳ. ಇನ್ನು ಒಂದು ಹೆಜ್ಜೆಯೂ ಬರಿಗಾಲಲ್ಲಿ ಇಡಬಾರದು, ಕಾಲು ಒದ್ದೆ ಇರಬಾರದು ಎಂದರು ಡಾಕ್ಟರು. ಚಪ್ಪಲಿ ಹಾಕಿಕೊಂಡು ಹಿಟ್ಟಿನ ಹತ್ತಿರ ಹೋಗುವುದಿಲ್ಲ, ಬೇಕಾದರೆ ಊರಿಗೆ ಹೋಗುತ್ತೇನೆ ಎಂದರು ವಾಸಣ್ಣ. ಮೂರು ದಿನ ಹಟ ಹಿಡಿದು ಕೂತರು. ರಾಯರು ಪ್ಯಾರೀಸ್ ಕಾರ್ನರ್‌ಗೆ ಹೋಗಿ, ಹೋಲ್‌ಸೇಲ್ ಅಂಗಡಿಯಿಂದ ಮೆತ್ತನೆಯ ನೀಲಿ ರಬ್ಬರ್ ಚಪ್ಪಲಿಗಳ ಒಂದು ಗಂಟನ್ನೇ ತಂದರು. ಹೊಸದನ್ನೆಲ್ಲ ಅರಿಶಿನದ ನೀರಿನಲ್ಲಿ ತೊಳೆದು, ರುಬ್ಬುವ ಕೋಣೆಯ ಹೊಸ್ತಿಲ ಒಳಗಡೆ ಸಾಲಾಗಿ ಇಟ್ಟರು. ಮೊದಲ ಜೊತೆಯನ್ನು ತಾವೇ ಹಾಕಿಕೊಂಡು, ದೇವರ ಪಟದ ಮುಂದೆ ನಿಂತರು.

"ಇದು ಕೋಣೆಯ ಚಪ್ಪಲಿ. ಬೀದಿ ನೋಡುದಿಲ್ಲ. ದೇವರಿಗೆ ನಾನು ಹೇಳಿ ಆಯ್ತು. ನೀನು ಹಾಕ್ಕೋ ವಾಸು."

ವಾಸಣ್ಣ ಹಾಕಿಕೊಂಡರು.

ವಿಡಿಯೋದಲ್ಲಿ ಆ ಕಾಲಿನ ಪ್ರಶ್ನೆಯನ್ನು ಕತ್ತರಿಸೋಣ ಎಂದಿತು ಸಂಸ್ಥೆಯ ಕಚೇರಿ. ವಾಸಣ್ಣನನ್ನು ಕೇಳಿದೆ. "ಕಾಲು ನನ್ನದಲ್ವಾ? ಇರ್ಲಿ," ಎಂದರು. ಹಾಗಾಗಿ ನನ್ನ ಮೂರು ನಿಮಿಷ ಒಂದು ಪ್ರಶ್ನೆಯಲ್ಲಿ ಮುಗಿಯುತ್ತದೆ, ಕೆಳಗೆ ‘ಆಸ್ಪತ್ರೆಗೆ ತೋರಿಸಿ’ ಎಂಬ ಒಂದು ಸಾಲನ್ನು ನಂದಿತಾ ಹಾಕಿದ್ದಾಳೆ. ನನ್ನ ಮುಖ ಅದರಲ್ಲಿ ಎಲ್ಲೂ ಇಲ್ಲ. ವಿಡಿಯೋ ಹೊರಬಂದ ತಿಂಗಳೇ ಬೇರೊಂದು ಹೋಟೆಲಿನ ಅಡಿಗೆಯವರೊಬ್ಬರು ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ವಾಸಣ್ಣನನ್ನು ಹುಡುಕಿಕೊಂಡು ಬಂದರು. ವಾಸಣ್ಣ ಅವರನ್ನು ತಾವೇ ಆಟೋದಲ್ಲಿ ಕೂರಿಸಿಕೊಂಡು ಹೋದರು.

ಇಷ್ಟನ್ನೆಲ್ಲ ಗಲ್ಲಿಯ ಮೂಲೆಯಲ್ಲಿ ನಿಂತು ನೆನೆದು, ಕೊನೆಗೆ ಹೋಟೆಲಿನೊಳಗೆ ಹೋದೆ. ಗಲ್ಲಾದಲ್ಲಿದ್ದ ರಾಯರು ಕನ್ನಡಕ ಸರಿಪಡಿಸಿಕೊಂಡು ನೋಡಿ, ಒಳಗೆ ಕೈ ತೋರಿಸಿದರು. ಹೊಸ್ತಿಲ ಒಳಗೆ ನೀಲಿ ಚಪ್ಪಲಿಗಳ ಸಾಲು. ಬೀದಿಯ ಚಪ್ಪಲಿ ಬಿಟ್ಟು, ಕಾಲು ತೊಳೆದು, ಅಲ್ಲೇ ತೂಗುಹಾಕಿದ್ದ ಬಟ್ಟೆಯಲ್ಲಿ ಒರೆಸಿಕೊಂಡೆ. ಆ ಬಟ್ಟೆ ಆಗ ಇರಲಿಲ್ಲ.

ವಾಸಣ್ಣ ಗುಂಡುಕಲ್ಲು ಉಜ್ಜುತ್ತಿದ್ದರು. ತಲೆ ಪೂರ್ತಿ ನರೆತಿತ್ತು. ನನ್ನನ್ನು ಕಂಡು ತೆಂಗಿನ ನಾರು ಕೆಳಗಿಟ್ಟರು, ಆದರೆ ಮೊದಲು ಬಿಸಿನೀರು ಹೊಯ್ದು ಮುಗಿಸಿ ಆಮೇಲೆ ಮಾತನಾಡಿದರು.

"ಈಗ ಎಂತ ಕಂಡುಹಿಡಿದ್ರಿ ಅಮ್ಮಾ?"

"ಕಂಡುಹಿಡಿಯೋದು ಇರಲಿ. ಕಾಲು ತೋರಿಸಿ."

ಬಲಗಾಲಿನ ಚಪ್ಪಲಿ ಕಳಚಿ, ಸ್ಟೂಲಿನ ಮೇಲೆ ಕೂತು ಕಾಲು ಮುಂದೆ ಚಾಚಿದರು. ನಾನು ಮುಟ್ಟಲು ಬಗ್ಗಿದಾಗ ಗಾಬರಿಯಿಂದ ಹಿಂದಕ್ಕೆ ಎಳೆದುಕೊಂಡರು. "ನೀವು ನನ್ನ ಕಾಲು ಮುಟ್ಟುದಾ? ಬೇಡ ಬೇಡ. ನಾನು ನಮಸ್ಕಾರ ಮಾಡಿಸ್ಕೊಳ್ಳುವಷ್ಟು ದೊಡ್ಡವನಲ್ಲ."

"ಪರೀಕ್ಷೆ ಮಾಡ್ತಿದ್ದೀನಿ ಅಂತಾದರೂ ತಿಳ್ಕೊಳ್ಳಿ, ನಮಸ್ಕಾರ ಅಂತಾದರೂ ತಿಳ್ಕೊಳ್ಳಿ," ಎಂದು ಹಿಡಿದುಕೊಂಡೆ.

ಕಿರುಬೆರಳಿದ್ದ ಜಾಗದಿಂದ ಅಂಗಾಲಿನವರೆಗೆ ಬೆರಳಾಡಿಸಿದೆ. ಒರಟು ಗೆರೆಯೊಂದು ಸಿಕ್ಕಿತು. ಉಳಿದಂತೆ ಎಲ್ಲೆಡೆ ಬರೀ ಒಣ ಚರ್ಮ.